ಸೀರಮ್ ಕಂಪನಿಯ ಪಾಲುದಾರ

ಜತ್ತ ತಾಲೂಕಿನ ಮುಚ್ಚಂಡಿಯ ಬಸ್ ಸ್ಟ್ಯಾಂಡಿನ ಎದುರಿಗೆ ಅಮೋಗಸಿದ್ದನ ಕಂಬಳಿ ಅಂಗಡಿ. ಅಂಗಡಿಗೆ ಯಾವ ಕುರಿಗಾರ ಬಂದರೂ ಅಮೋಗಸಿದ್ದ ಮೊದಲು ಕೇಳುತ್ತಿದ್ದುದು ಉಣ್ಣೆಯ ಮಾತಲ್ಲ, ಮಳೆಯ ಮಾತಲ್ಲ, ಮನೆಮಂದಿಯ ಕ್ಷೇಮವಂತೂ ಅಲ್ಲವೇ ಅಲ್ಲ.

"ಕುರಿ ಹೆಂಗದಾವೋ? ಜ್ವರಾ ಗಿರಾ? ಕಿವಿ ಬುಡಕ, ತೊಡಿ ಸಂದ್ಯಾಗ ಗುಳ್ಳಿ ಏನರೆ ಎದ್ದಾವೇನು?"

"ಇಲ್ಲಪಾ, ಸಿದ್ದನ ದಯಾ, ಎಲ್ಲಾ ಚಲೋ ಅದಾವ" ಎಂದರೆ ಅವನ ಮುಖ ಸಪ್ಪಗಾಗುತ್ತಿತ್ತು. "ಎರಡು ಮರಿ ಮಲಗ್ಯಾವ ನೋಡು" ಎಂದರೆ ಸಾಕು, ಗಾದಿಯ ಮೇಲೆ ಮುಂದಕ್ಕೆ ಸರಿದು ಕೂತು ಚಹಾ ತರಿಸುತ್ತಿದ್ದ. ಎಲಾ ಇವನ! ಕುರುಬರ ಹೊಟ್ಟೆಯಲ್ಲಿ ಹುಟ್ಟಿ ಕುರಿಯ ಹಾಲು ಕುಡಿದು ಬೆಳೆದವನು, ಕುರಿಗೆ ಬೇನೆ ಬಂತೆಂದರೆ ಕಣ್ಣರಳಿಸುವುದೆಂದರೇನು? ಕೇಳಿದವರಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಕೆಲವರು ಅವನ ಅಂಗಡಿಯ ಮುಂದೆ ಹಾಯುವಾಗ ಕುರಿಗಳನ್ನು ರಸ್ತೆಯ ಆ ಬದಿಗೆ ಹೊಡೆದುಕೊಂಡು ಹೋಗತೊಡಗಿದರು.

ಇದಕ್ಕೆಲ್ಲ ಕಾರಣ ಶೇರು. ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಂಬಳಿ ಮಾರಲು ಸಾಂಗ್ಲಿಗೆ ಹೋಗಿ ಬಂದು ಮಾಡುತ್ತಿದ್ದ ಅಮೋಗಸಿದ್ದನಿಗೆ ಅಲ್ಲಿನ ಅರಿಷಿಣ ಪೇಟೆಯ ಒಬ್ಬ ದಲಾಲನ ಪರಿಚಯವಾಗಿತ್ತು. ಆ ಶೇಟ್ ಅರಿಷಿಣದ ಜೊತೆಗೆ ಮುಂಬೈಯ ಶೇರುಗಳನ್ನೂ ಫೋನಿನ ಮೇಲೆ ಕೊಂಡು ಮಾರಿ ಮಾಡುತ್ತಿದ್ದ. ಒಂದು ದಿನ ಅವನ ವ್ಯಾಪಾರದ ಪೇಢಿಯಲ್ಲಿ ಕೂತಾಗ ಅಮೋಗಸಿದ್ದನ ಕಿವಿಗೆ ಒಂದು ಮಾತು ಬಿತ್ತು. ಅಜಿಂಕ್ಯ ಸೀರಮ್ ಅಂತ ಒಂದು ಕಂಪನಿಯಿದೆ, ದನಕರು ಕುರಿಗಳಿಗೆ ಚುಚ್ಚುವ ಲಸಿಕೆ ತಯಾರಿಸುತ್ತದೆ, ಅದರ ಶೇರನ್ನು ಯಾರು ಬೇಕಾದರೂ ಕೊಳ್ಳಬಹುದು. ಕುರಿಯ ಔಷಧ ಮಾಡುವ ಕಂಪನಿಯಲ್ಲಿ ಕುರುಬನಿಗೆ ಪಾಲು! ಅಮೋಗಸಿದ್ದನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅವನು ಕಲಿತದ್ದು ಏಳನೆಯ ಇಯತ್ತೆಯವರೆಗಿನ ಮರಾಠಿ ಸಾಲಿ. ಕಂಪನಿಯ ಜಮಾಖರ್ಚು ಓದಲು ಬರುತ್ತಿರಲಿಲ್ಲ, ಕುರಿಯ ಹಿಕ್ಕೆ ಓದಲು ಬರುತ್ತಿತ್ತು. "ಇದರಾಗ ತಿಳಿಯೂದೇನೈತಿ?" ಎನ್ನುತ್ತಿದ್ದ. "ಪಾಲಿಗೆ ಕುರಿ ಬಿಟ್ಟಂಗ. ಹಿಂಡು ಬೆಳೀತು ಅಂದ್ರ ನನ್ನ ಪಾಲೂ ಬೆಳೀತು." ಅಷ್ಟೇ ಅವನ ಅರ್ಥಶಾಸ್ತ್ರ. ಶೇರಿನ ಕಾಗದಕ್ಕೆ ಕಟ್ಟು ಹಾಕಿಸಿ ಮನೆದೇವರ ಫೋಟೋದ ಪಕ್ಕಕ್ಕೆ ತೂಗುಹಾಕಿದ. ಊರವರು ಅವನನ್ನು ಕಂಪನಿ ಅಮೋಗಸಿದ್ದ ಎಂದು ಕರೆದರೆ ಬೇಡವೆನ್ನಲಿಲ್ಲ.

ಉಣ್ಣಲು ಉಡಲು ಅವನಿಗೇನೂ ಕೊರತೆ ಇರಲಿಲ್ಲ. ಅದು ನಾದ, ಒಂದು ಹುಚ್ಚು. ಒಬ್ಬನಿಗೆ ಇಸ್ಪೀಟಿನ ನಾದ, ಒಬ್ಬನಿಗೆ ಕುಸ್ತಿಯ ನಾದ, ಇವನಿಗೆ ಶೇರಿನದು. ಹಿಂದಿನ ವರ್ಷ ಉಣ್ಣೆ ಕೊಳ್ಳಲು ಮಂಗಳವೇಢೆ ಕಡೆ ಹೋದಾಗ ಅಲ್ಲಿನ ಹಿಂಡುಗಳಲ್ಲಿ ಸಿಡುಬು ಎದ್ದದ್ದನ್ನು ಕಂಡು ಬಂದಿದ್ದ. ಹೆಸರು ಹೇಳಲು ಹೆದರಿ ಆ ಬೇನೆಯನ್ನು ಕುರಿಗಾರರು ದೇವಿ ಎನ್ನುತ್ತಾರೆ. ಸ್ವಲ್ಪ ದಿನಕ್ಕೆ ಸೀರಮ್ ಕಂಪನಿಯ ಶೇರು ಏರಿತು. ಲಸಿಕೆಗೆ ಬೇಡಿಕೆ ಬಂದಿದೆಯಂತೆ ಎಂದು ದಲಾಲ ಹೇಳಿದ. ಸರಿ, ಅಮೋಗಸಿದ್ದನ ತಲೆಯಲ್ಲಿ ದೀಪ ಹತ್ತಿತು. ಮುಂಬೈಯ ದೊಡ್ಡ ದೊಡ್ಡ ಶೇಟುಗಳಿಗೆ ಪೇಪರಿನಲ್ಲಿ ಬಂದ ಮೇಲೆ ತಿಳಿಯುವ ಸುದ್ದಿ ತನಗೆ ಕುರಿಯ ಕಿವಿ ಮಡಚಿ ನೋಡಿದರೆ ತಿಳಿಯುತ್ತದೆ! ಅಂದಿನಿಂದ ಶುರುವಾಯಿತು ಅವನ ವಿಚಾರಣೆ.

ಹೆಂಡತಿ ಚನ್ನವ್ವನಿಗೆ ಇದು ಸೇರಲಿಲ್ಲ. ಒಂದು ಸಂಜೆ ದೀಪ ಹಚ್ಚಿ ಬಂದವಳು ಗಂಡನ ಎದುರಿಗೆ ನಿಂತಳು.

"ರೀ, ನಿಮ್ಮ ತಮ್ಮನ ಹಿಂಡೂ ಇದೇ ಮಾಳದಾಗ ಮೇಯ್ತೈತಿ. ಬೇನಿ ಬರಲಿ ಅಂತ ಹಾದಿ ಕಾಯೂದು ಚಲೋ ಅಲ್ರಿ. ಉರಿಯೋ ಮನ್ಯಾಗ ಗಳಾ ಹಿರಿಯೋ ಕೆಲಸ ಇದು."

"ಬೇನಿ ಏನ್ ನಾ ತರತೀನೇನ? ಬರೂದು ಬರತೈತಿ. ನಂದು ಔಷಧಾ ಮಾಡೂ ಕಂಪನಿ. ಪುಣ್ಯದ ಕೆಲಸ."

"ಪುಣ್ಯದ ಕೆಲಸ ಮಾಡಾವರು ಹಿಂಗ ಕುರಿ ಮಲಗ್ಯಾವೇನು, ಕುರಿ ಮಲಗ್ಯಾವೇನು ಅಂತ ಕೇಳ್ಕೊಂತ ಕುಂದರಂಗಿಲ್ರಿ."

ಅಮೋಗಸಿದ್ದ ನಕ್ಕುಬಿಟ್ಟ. ಚನ್ನವ್ವ ನಗಲಿಲ್ಲ. ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ತಮ್ಮ ಮಾಯಪ್ಪನ ವಿಷಯ ಇಲ್ಲಿ ಹೇಳಬೇಕು. ಅಪ್ಪ ಸತ್ತ ಮೇಲೆ ಅಣ್ಣ ಮನೆ, ಅಂಗಡಿ ತೆಗೆದುಕೊಂಡ, ತಮ್ಮ ಕುರಿಗಳನ್ನು ತೆಗೆದುಕೊಂಡ. ಮಾಯಪ್ಪನಿಗೆ ಹೊಲವಿಲ್ಲ, ಸೂರಿಲ್ಲ. ಹೆಂಡತಿ ದುಂಡವ್ವನನ್ನು ಕಟ್ಟಿಕೊಂಡು ಹಿಂಡಿನ ಹಿಂದೆ ತಿರುಗುವುದೇ ಬಾಳು. ಹಿಂಡು ಇದ್ದರೆ ಮಾಯಪ್ಪ, ಇಲ್ಲದಿದ್ದರೆ ಕೂಲಿ ಆಳು. ಪ್ರತಿಯೊಂದು ಕುರಿಯ ತಾಯಿ ಯಾವುದು, ಅಜ್ಜಿ ಯಾವುದು ಎಂದು ಹೇಳುತ್ತಿದ್ದ. ಅಣ್ಣನ ಮೇಲೆ ಅವನಿಗೆ ದೇವರ ಮೇಲಿದ್ದಷ್ಟು ನಂಬಿಕೆ. ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅವನ ಹಿಂಡು ಸೊರಡಿಯ ಮಾಳದಲ್ಲಿತ್ತು. ಗುರುವಾರ ಅಲ್ಲಿಂದ ಎದ್ದು ಅಸಂಗಿಗೆ ಬಂದು ಬಸಗೊಂಡ ಗೌಡರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಬೇಕೆಂದು ಮಾತಾಗಿತ್ತು.

ಅದೇ ವಾರದ ಸೋಮವಾರ ಅಮೋಗಸಿದ್ದ ಉಣ್ಣೆ ನೋಡಲು ಅಸಂಗಿಗೆ ಹೋದ. ಕೆರೆಯ ದಂಡೆಯ ಮೇಲೆ ಮುದುಕ ಹರಿಬಾನ ಕುರಿದಡ್ಡಿ. ಹರಿಬಾನ ಕಣ್ಣಿಗೆ ಪೊರೆ ಬಂದಿತ್ತು. ದಡ್ಡಿಯ ಮೂಲೆಯಲ್ಲಿ ಒಂದು ಮರಿ ತಲೆ ಜೋತುಹಾಕಿ ನಿಂತಿತ್ತು, ಮೂಗಿನಿಂದ ಸೋರುತ್ತಿತ್ತು.

"ಹರಿಬಾ ಮಾಮಾ, ಇದಕ್ಕೇನಾಗೈತಿ?"

"ಉಣ್ಣಿ ಹತ್ಯಾವ ಕಾಣತೈತಿ ತಮ್ಮಾ. ನಿನ್ನೀಯಿಂದ ಮೊಲಿ ಕುಡಿವಲ್ದು. ನನ್ನ ಕಣ್ಣಿಗೇನು ಕಾಣತೈತಿ? ನೀನ ನೋಡು."

ಅಮೋಗಸಿದ್ದ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕಿವಿ ಮಡಚಿದ, ತೊಡೆಯ ಸಂದು ಅಗಲಿಸಿದ. ಮೈ ಕೆಂಡದಂತೆ ಸುಡುತ್ತಿತ್ತು. ಕೂದಲಿಲ್ಲದ ಚರ್ಮದ ಮೇಲೆ ಕೆಂಪು ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು. ದೇವಿ. ಅನುಮಾನವೇ ಇಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಅವನಿಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಂತೋಷ. ಇಡೀ ಜತ್ತ ತಾಲೂಕಿನಲ್ಲಿ ಈ ಹೊತ್ತು ಇದು ತಿಳಿದಿರುವುದು ತನಗೊಬ್ಬನಿಗೇ ಎಂಬ ಸಂತೋಷ.

ಆ ಸೀಮೆಯ ಕುರಿಗಾರರಲ್ಲಿ ಒಂದು ಕಟ್ಟಳೆ ಇತ್ತು. ದೇವಿ ಎದ್ದದ್ದನ್ನು ಮೊದಲು ಕಂಡವನು, ಅವನು ಯಾರೇ ಇರಲಿ, ನಿಂತ ಕಾಲಲ್ಲಿ ಬೇವಿನ ಟೊಂಗೆ ಮುರಿದು ಕೋಲಿಗೆ ಕಟ್ಟಿ ಹತ್ತಿರದ ಹಿಂಡಿಗೆ ಮುಟ್ಟಿಸಬೇಕು. ಆ ಹಿಂಡಿನವರು ಅದನ್ನು ಮುಂದಿನ ಹಿಂಡಿಗೆ ಒಯ್ಯಬೇಕು. ಕೋಲು ಬಂತೆಂದರೆ ಹಿಂಡು ಇದ್ದಲ್ಲೇ ನಿಲ್ಲಬೇಕು, ಇನ್ನೊಬ್ಬರ ಕೆರೆಗೆ ಇಳಿಯಬಾರದು. ಕೋಲು ಮುಟ್ಟಿಸುವ ತನಕ ಕಂಡವನ ಬಾಯಿಗೆ ಒಂದು ಹನಿ ನೀರು ಬೀಳಬಾರದು. ಸರಕಾರ ಇದನ್ನು ಮಾಡಿದ್ದಲ್ಲ, ಯಾವ ಸಾಲಿಯಲ್ಲೂ ಕಲಿಸಿದ್ದಲ್ಲ. ಆದರೆ ಅದರಿಂದಲೇ ಎಷ್ಟೋ ಹಿಂಡುಗಳು ಉಳಿದಿದ್ದವು.

ಅಮೋಗಸಿದ್ದ ಮರಿಯನ್ನು ಕೆಳಗಿಳಿಸಿದ.

"ಉಣ್ಣೀನ ಮಾಮಾ. ಬೂದಿ ಹಚ್ಚು, ಹೋಗ್ತೈತಿ."

ಅವನ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಈಗ ಕೋಲು ಹೊರಟರೆ ಸಂಜೆಯೊಳಗೆ ಊರೂರಿಗೆ ಸುದ್ದಿ. ಜತ್ತದ ದನದ ದವಾಖಾನೆಯವರು ತಂತಿ ಕಳಿಸುತ್ತಾರೆ, ಪೇಪರಿನವರು ಬರೆಯುತ್ತಾರೆ, ಶೇರು ಏರಿ ಕೂರುತ್ತದೆ. ಆಮೇಲೆ ಕೊಂಡರೆ ಅದರಲ್ಲಿ ಸ್ವಾರಸ್ಯವೇನು? ಮಾಯಪ್ಪ ಇತ್ತ ಬರುವುದು ಗುರುವಾರ. ಇವತ್ತೇ ಸಾಂಗ್ಲಿಗೆ ಹೋಗಿ ನಾಳೆ ಬಂದು ಕೋಲು ಒಯ್ದರಾಯಿತು. ಒಂದು ದಿನದಲ್ಲಿ ಏನು ಆಕಾಶ ಕಳಚಿ ಬೀಳುತ್ತದೆ? ಕಳ್ಳನಿಗೆ ಒಂದು ಪಿಳ್ಳೆ ನೆವ ಎಂದು ಸುಮ್ಮನೆ ಹೇಳುತ್ತಾರೆಯೇ!

ಜತ್ತದಲ್ಲಿ ಎಸ್‌ಟಿ ಬಸ್ಸು ಬದಲಿಸಿ ಸಾಂಗ್ಲಿ ಸೇರುವ ಹೊತ್ತಿಗೆ ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಸ್ಟ್ಯಾಂಡಿನ ಹೋಟೆಲಿನವನು ನೀರಿನ ಗ್ಲಾಸು ತಂದಿಟ್ಟ. ಅಮೋಗಸಿದ್ದನ ಕೈ ಅದರ ಹತ್ತಿರ ಹೋಗಿ ನಿಂತಿತು. "ನೀರು ಬ್ಯಾಡ, ಚಹಾ ಕೊಡು" ಎಂದ. ಒಂದು ಕುಡಿದ, ಇನ್ನೊಂದು ಕುಡಿದ. ಚಹಾ ನೀರಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನೋಡಿ ಮನುಷ್ಯನ ಬುದ್ಧಿಯನ್ನು! ಕಟ್ಟಳೆಯ ತಿರುಳನ್ನು ಅಸಂಗಿಯ ಕೆರೆಯಲ್ಲಿ ಮುಳುಗಿಸಿ ಬಂದು, ಅದರ ಸಿಪ್ಪೆಯನ್ನು ಸಾಂಗ್ಲಿಯಲ್ಲಿ ಜೋಪಾನ ಮಾಡುತ್ತ ಕೂತಿದ್ದ.

ಮರುದಿನ ದಲಾಲ ಮುಂಬೈಗೆ ಟ್ರಂಕ್ ಕಾಲ್ ಹಚ್ಚಿದ. ಕಂಬಳಿಯ ವ್ಯಾಪಾರಕ್ಕೆಂದು ಇಟ್ಟುಕೊಂಡದ್ದನ್ನೆಲ್ಲ ಅಮೋಗಸಿದ್ದ ಸೀರಮ್ ಶೇರಿಗೆ ಹಾಕಿದ. ಸೌದಾ ಕುದುರಿದ್ದು ನಾಳೆ ಬೆಳಿಗ್ಗೆ ಖಾತ್ರಿಯಾಗುತ್ತದೆ, ನೀವು ಊರಿಗೆ ಹೋಗಿ, ನಾನು ತಿಳಿಸುತ್ತೇನೆ ಎಂದು ದಲಾಲ ಮರಾಠಿಯಲ್ಲಿ ಹೇಳಿದ. ಹೋಗಬಹುದಿತ್ತು! ಮಧ್ಯಾಹ್ನದ ಎಸ್‌ಟಿ ಇತ್ತು. ಆದರೆ ಖಾತ್ರಿಯ ಮಾತನ್ನು ತನ್ನ ಕಿವಿಯಿಂದಲೇ ಕೇಳಬೇಕು, ದಲಾಲ ಬೆರಗಾಗಿ ತನ್ನನ್ನು ನೋಡುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ. ಉಳಿದುಬಿಟ್ಟ.

ಬುಧವಾರ ಬೆಳಿಗ್ಗೆ ಸೌದಾ ಖಾತ್ರಿಯಾಯಿತು. ಅಮೋಗಸಿದ್ದ ಸಿಕ್ಕ ಎಸ್‌ಟಿ ಹಿಡಿದು ಸೊರಡಿಯ ಹಾದಿಯಲ್ಲಿ ಇಳಿದ. ಮೊದಲು ಕಂಡ ಬೇವಿನ ಗಿಡದ ಟೊಂಗೆ ಮುರಿದು, ಬಿದ್ದಿದ್ದ ಬಡಿಗೆಗೆ ಟವೆಲ್ಲಿನ ಅಂಚು ಹರಿದು ಕಟ್ಟಿದ. ಈಗ ಅವನ ಕಾಲುಗಳಿಗೆ ಅವಸರ. ಮಾಳಕ್ಕೆ ಬಂದು ನೋಡಿದರೆ ಕುರಿಗಳಿಲ್ಲ. ಖಾಲಿ ದಡ್ಡಿಯ ಹತ್ತಿರ ದುಂಡವ್ವ ಉಳಿದ ಸಾಮಾನು ಕುದುರೆಗೆ ಹೇರುತ್ತಿದ್ದಳು.

"ಬರ್ರಿ ಬಾವಾರ. ಎಲ್ಲೀ ಕಡೆಯಿಂದ ಬಂದ್ರಿ?"

"ಮಾಯಪ್ಪ ಎಲ್ಲಿ?"

"ನಿನ್ನೆ ಅಸಂಗಿಗೆ ಹೋದರ‍್ರಿ. ಇನ್ನೊಬ್ಬರು ಹಿಂಡು ತರತೀವಿ ಅಂದಾರಂತ, ಲಗೂನ ಬಾ ಅಂತ ಬಸಗೊಂಡ ಗೌಡ್ರು ಹೇಳಿ ಕಳಸಿದ್ರು." ಅಷ್ಟರಲ್ಲಿ ಅವಳ ಕಣ್ಣು ಕೋಲಿನ ಮೇಲೆ ಬಿತ್ತು. ಕೈಯಲ್ಲಿದ್ದ ಗಂಟು ಕೆಳಗೆ ಜಾರಿತು. "ಬಾವಾರ, ಯಾವ ಊರಿಂದರೀ ಅದು?"

ಅಮೋಗಸಿದ್ದ ಅಸಂಗಿಯ ಕಡೆಗೆ ಓಡಿದ. ವಯಸ್ಸಾದ ಮೈ, ಗಾದಿಯ ಮೇಲೆ ಕೂತು ಬೆಳೆದ ಹೊಟ್ಟೆ, ಆದರೂ ಓಡಿದ. ಮನೆದೇವರಿಗೆ ಹರಕೆ ಹೊತ್ತ, ಮಾಯಪ್ಪ ಕೆರೆಗೆ ಇಳಿಸದಿರಲಿ, ಹಿಂಡು ಬೇರೆ ಹೊಲದಲ್ಲಿರಲಿ ಎಂದು ಬೇಡಿಕೊಂಡ. ಅಸಂಗಿಯ ಕೆರೆ ಕಂಡಾಗ ಅವನ ಕಾಲುಗಳು ನಿಂತವು. ತಮ್ಮನ ಹಿಂಡು ಹರಿಬಾನ ಹಿಂಡಿನೊಳಗೆ ಬೆರೆತು ದಂಡೆಯ ತುಂಬ ನಿಂತು ನೀರು ಕುಡಿಯುತ್ತಿತ್ತು.

"ಅಣ್ಣಾ!" ಎಂದು ಮಾಯಪ್ಪ ದೂರದಿಂದಲೇ ಕೈಯೆತ್ತಿದ. ಹತ್ತಿರ ಬಂದವನ ನಗು ಕೋಲನ್ನು ಕಂಡು ಇಂಗಿಹೋಯಿತು.

"ಯಾರ ಹಿಂಡಿನ್ಯಾಗ?"

"ಹರಿಬಾ ಮಾಮಾನ ಹಿಂಡಿನ್ಯಾಗ."

ಮಾಯಪ್ಪ ಹೊರಳಿ ಕೆರೆಯ ಕಡೆ ನೋಡಿದ. ಆಮೇಲೆ ಕೇಳಿದ: "ಯಾವಾಗ ನೋಡಿದಿ?"

ಒಂದೇ ಪ್ರಶ್ನೆ. ನಿಜ ಹೇಳಿದ್ದರೆ ತಮ್ಮ ಕಾಲಿನ ಕೆರ ತೆಗೆದು ಹೊಡೆಯುತ್ತಿದ್ದನೋ ಏನೋ. ಹೊಡೆಸಿಕೊಂಡು ಅಣ್ಣನಾಗಿ ಉಳಿಯಬಹುದಿತ್ತು.

"ನಾ ಎಲ್ಲಿ ನೋಡ್ಲೊ? ಇವತ್ತ ಮುಂಜಾನೆ ಜತ್ತದ ಸ್ಟ್ಯಾಂಡಿನ್ಯಾಗ ಯಾರೋ ಅನ್ನಾಕತ್ತಿದ್ರು. ಕೇಳಿದಾಂವ ನಿಂತಿಲ್ಲ ನೋಡು, ಹಂಗ ಓಡಿ ಬಂದೆ."

ಮಾಯಪ್ಪ ಕೋಲನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಕುರಿಗಳನ್ನು ಬೇರ್ಪಡಿಸಿ ಹೊಡೆದ. ಆಮೇಲೆ ಕೆರೆಯ ಆ ಬದಿಗೆ ಹರಿಬಾನ ಹತ್ತಿರ ಹೋದ. ಅಮೋಗಸಿದ್ದ ಇತ್ತ ನಿಂತು ನೋಡಿದ. ಮುದುಕ ಕೈ ಬೀಸಿ ಏನೋ ಹೇಳುತ್ತಿದ್ದ. ಮಾಯಪ್ಪ ತಲೆ ತಗ್ಗಿಸಿ ಕೇಳುತ್ತಿದ್ದ. ಮುದುಕ ಹೇಳಿದನೇ? ತಾನು ಬೂದಿ ಹಚ್ಚು ಅಂದದ್ದನ್ನು ಹೇಳಿಬಿಟ್ಟನೇ? ಮಾಯಪ್ಪ ವಾಪಸು ಬಂದ. ಅವನ ಮುಖ ಹಿಟ್ಟಿನಂತೆ ಬಿಳಚಿಕೊಂಡಿತ್ತು.

"ಅಣ್ಣಾ, ನಿನ್ನ ಕಂಪನಿ ಔಷಧಾ ಐತಲ್ಲ" ಎಂದ. "ಅದನ್ನ ತರಸು."

ಅಷ್ಟೇ. ಬೇರೆ ಏನೂ ಕೇಳಲಿಲ್ಲ. ಅಮೋಗಸಿದ್ದ ಹೋದ ಉಸಿರು ಬಂದಂತಾಗಿ, ತರತೀನಿ, ಎಷ್ಟು ಬೇಕೋ ಅಷ್ಟು ತರತೀನಿ ಎಂದ. ಜತ್ತದ ದವಾಖಾನೆಯಲ್ಲಿ ಲಸಿಕೆ ಮುಗಿದಿತ್ತು. ಸಾಂಗ್ಲಿಗೆ ಓಡಿದ. ಔಷಧದ ಅಂಗಡಿಯವನು ಕೈ ಝಾಡಿಸಿದ. ಸುದ್ದಿ ಹಬ್ಬಿ ಎಲ್ಲ ಕಡೆಯಿಂದ ಆರ್ಡರು ಬಂದಿವೆ, ಕಂಪನಿಯಲ್ಲೇ ಮಾಲಿಲ್ಲ ಎಂದ. ಅಲ್ಲಿಂದ ಅಮೋಗಸಿದ್ದ ದಲಾಲನ ಬಳಿ ಹೋದ. ಶೇಟ್ ಎದ್ದು ಬಂದು ಅವನ ಎರಡೂ ಕೈ ಹಿಡಿದು ಕುಲುಕಿದ, ಪೇಢೆ ತರಿಸಿದ. ಮಾಲಿಲ್ಲವಂತೆ, ಅದಕ್ಕೇ ಶೇರು ಇಷ್ಟು ಏರಿದೆ, ನಿಮ್ಮಂಥ ಬುದ್ಧಿವಂತರನ್ನು ನಾನು ನೋಡಿಲ್ಲ ಎಂದ. ಅಮೋಗಸಿದ್ದ ಪೇಢೆಯನ್ನು ಬಾಯಿಗೆ ಹಾಕಿಕೊಂಡ. ನುಂಗಲು ಆಗಲಿಲ್ಲ, ಹೊರಗೆ ಬಂದು ಗಟಾರಕ್ಕೆ ಉಗುಳಿದ.

ಮೊದಲು ಮರಿಗಳು ಹೋದವು. ಆಮೇಲೆ ಗಬ್ಬದ ಕುರಿಗಳು. ಮಾಯಪ್ಪ ದುಂಡವ್ವ ಇಬ್ಬರೂ ಹಗಲೆಲ್ಲ ಕುಣಿ ತೋಡುತ್ತಿದ್ದರು. ಮುಚ್ಚಂಡಿಯಿಂದ ಚನ್ನವ್ವ ಬುತ್ತಿ ಕಟ್ಟಿಕೊಂಡು ಹೋದರೆ ದುಂಡವ್ವ ಅವಳ ಹೆಗಲಿಗೆ ತಲೆಯಿಟ್ಟು ಅತ್ತು ಅತ್ತು ಸಾಕಾಗುತ್ತಿದ್ದಳು. ಮಾಯಪ್ಪ ಮಾತ್ರ ಅಳಲಿಲ್ಲ. ಅಣ್ಣ ಬಂದರೆ "ಕುಂದರು" ಎನ್ನುತ್ತಿದ್ದ, ಅಣ್ಣ ಹೊರಟರೆ "ಹೋಗಿ ಬಾ" ಎನ್ನುತ್ತಿದ್ದ. ಆ ಸೌಮ್ಯತೆಯೇ ಅಮೋಗಸಿದ್ದನಿಗೆ ಹೆದರಿಕೆ ಹುಟ್ಟಿಸತೊಡಗಿತು. ಬೈದಿದ್ದರೆ ಚೆನ್ನಾಗಿತ್ತು. ತಮ್ಮನ ಪ್ರತಿಯೊಂದು ಮಾತಿನ ಹಿಂದೆ ಅವನು ಇನ್ನೊಂದು ಮಾತನ್ನು ಹುಡುಕುತ್ತಿದ್ದ.

ಊರಲ್ಲಂತೂ ಅವನಿಗೆ ಒಳ್ಳೆಯ ಹೆಸರು ಬಂತು. ಈ ವಯಸ್ಸಿನಲ್ಲಿ ಕೋಲು ಹಿಡಿದು ಓಡಿದನಂತೆ, ಅಣ್ಣನೆಂದರೆ ಇಂಥವನಿರಬೇಕು ಎಂದರು. ಚನ್ನವ್ವ ಮಾತ್ರ ಬಾಯಿ ಮುಚ್ಚಿಕೊಂಡಿದ್ದಳು. ಗಂಡ ಸೋಮವಾರ ಅಸಂಗಿಗೆಂದು ಹೋಗಿ ಬುಧವಾರ ಬಂದದ್ದು ಅವಳಿಗಲ್ಲದೆ ಇನ್ನಾರಿಗೆ ಗೊತ್ತು?

"ನೋಡಿದ್ರಿ, ಹೌದಲ್ರಿ?" ಎಂದು ಒಂದು ದಿನ ಕೇಳಿಯೇಬಿಟ್ಟಳು. "ನೋಡಿ ಸಾಂಗ್ಲಿಗೆ ಹೋದ್ರಿ."

ಅಮೋಗಸಿದ್ದ ಕಂಬಳಿ ಮಡಚುತ್ತಲೇ ಇದ್ದ.

"ಹೇಳಿಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ನಿಮ್ಮ ಬೆನ್ನಿಗೆ ಹುಟ್ಟಿದಾಂವ ಅಂವ. ಬೈತಾನ, ಬಡೀತಾನ, ಮತ್ತ ಒಂದಿನ ಅಣ್ಣಾ ಅಂತಾನ. ಹೇಳದ ಕುಂತ್ರ ಏನೂ ಉಳಿಯಂಗಿಲ್ಲ."

"ಹೇಳಿದ್ರ ಸತ್ತ ಕುರಿ ಎದ್ದು ಬರತಾವೇನ?" ಎಂದು ಅಮೋಗಸಿದ್ದ ಗದರಿದ. ಶೇರು ಮಾರಿ ತಮ್ಮನಿಗೆ ಹೊಸ ಹಿಂಡು ಕಟ್ಟಿಕೊಡುತ್ತೇನೆ, ಆಗ ಎಲ್ಲ ಸರಿಹೋಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡ. ಆದರೆ ಇನ್ನೂ ಏರುತ್ತಿದೆ, ಇಷ್ಟು ಲಗೂ ಯಾಕೆ ಮಾರಬೇಕು ಎಂದೂ ಅಂದುಕೊಂಡ.

ಶಿವರಾತ್ರಿಯ ಹೊತ್ತಿಗೆ ಬೇನೆ ತಣ್ಣಗಾಯಿತು. ಬೆರಳಲ್ಲಿ ಎಣಿಸುವಷ್ಟು ಕುರಿಗಳು ಉಳಿದಿದ್ದವು. ಒಂದು ಮಧ್ಯಾಹ್ನ ಮಾಯಪ್ಪ ಮುಚ್ಚಂಡಿಯ ಅಂಗಡಿಯ ಮುಂದೆ ಬಂದು ನಿಂತ. ಅವನ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಒಂದು ಕರಿಯ ಕುರಿ. ಕುರಿಯ ಮುಖದ ತುಂಬ ಕಲೆ, ಹೊಟ್ಟೆಯಲ್ಲಿ ಮರಿ.

"ಬಾ, ಒಳಗ ಬಾ ಮಾಯಪ್ಪಾ. ಕುರಿ ಯಾಕ ತಂದಿ?"

"ಮರತಿಯೇನ್ ಅಣ್ಣಾ? ಕೋಲು ತಂದಾಂವಗ ಹಿಂಡಿನ್ಯಾಗಿನ ಚಲೋದೊಂದು ಕುರಿ ಕೊಡಬೇಕು. ಅಪ್ಪನೂ ಕೊಟ್ಟಾನ, ಇಸಗೊಂಡಾನ. ನಂದು ಉಳದದ್ದರಾಗ ಇದ ಚಲೋದು."

ಅಮೋಗಸಿದ್ದ ಹಿಂದಕ್ಕೆ ಸರಿದ. "ಬ್ಯಾಡೋ" ಎಂದ. "ನಿನಗ ಇರೂವ ನಾಕು. ನನಗ್ಯಾಕ?"

"ಯಾಕ ಬ್ಯಾಡ?" ಮಾಯಪ್ಪ ಅವನನ್ನೇ ನೋಡುತ್ತ ಕೇಳಿದ. "ಹೇಳು ಅಣ್ಣಾ. ಯಾಕ ಬ್ಯಾಡ?"

ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಇತ್ತ ತಿರುಗಿದ್ದರು. "ತಗೊಳ್ರಿ ಕಂಪನಿ ಸಾವಕಾರ, ಪದ್ಧತಿ ಮುರೀಬಾರದು" ಎಂದು ಯಾರೋ ಅಂದರು. ಒಳಬಾಗಿಲಲ್ಲಿ ಚನ್ನವ್ವ ಬಂದು ನಿಂತಿದ್ದಳು. ಅವಳು ಗಂಡನತ್ತ ನೋಡಿ ತಲೆಯನ್ನು ಅಡ್ಡಕ್ಕೆ ಅಲ್ಲಾಡಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಈಗಲಾದರೂ, ಈಗಲಾದರೂ ಎಂದು ಅವಳ ತುಟಿಗಳು ಬೇಡುತ್ತಿದ್ದವು. ಬಸ್ಸಿಗೆ ಕಾಯುತ್ತಿದ್ದ ಜನ ನೋಡುತ್ತಲೇ ಇದ್ದರು.

ಅಮೋಗಸಿದ್ದ ಕೈ ಚಾಚಿ ಹಗ್ಗ ಹಿಡಿದುಕೊಂಡ.

ಮಾಯಪ್ಪ ತನ್ನ ಕೈ ಬಿಟ್ಟ. ಆಮೇಲೆ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಮೆಲ್ಲಗೆ ಹೇಳಿದ:

"ಹರಿಬಾ ಮಾಮಾ ಅವತ್ತ ಕೆರಿ ದಂಡಿ ಮ್ಯಾಲ ಎಲ್ಲಾ ಹೇಳ್ಯಾನ. ನೀ ಮರೀನ ತೊಡಿ ಮ್ಯಾಲ ಹಾಕ್ಕೊಂಡಿದ್ದು, ಉಣ್ಣಿ ಅಂದಿದ್ದು, ಎಲ್ಲಾ. ಇಷ್ಟು ದಿನಾ ನಿನ್ನ ಬಾಯಿಂದ ಬರಲಿ ಅಂತ ಕಾದೆ. ಇವತ್ತರೆ ಬ್ಯಾಡ ಅಂತೀಯೇನು ಅಂತ ನೋಡಾಕ ಬಂದಿದ್ದೆ."

ಹೊರಳಿ ನಡೆದ. ಚನ್ನವ್ವ "ಮಾಯಪ್ಪಾ, ನಿಲ್ಲಪಾ" ಎನ್ನುತ್ತ ಬರಿಗಾಲಲ್ಲೇ ಹಿಂದೆ ಓಡಿದಳು. ಅವನು ನಿಲ್ಲಲಿಲ್ಲ. ಅಮೋಗ್ಯಾ, ಸುದೈವಿ ನೋಡೋ ನೀ, ಗಬ್ಬದ ಕುರಿ ಸಿಕ್ಕಿತು ಎಂದು ಸ್ಟ್ಯಾಂಡಿನಿಂದ ಒಬ್ಬ ಕೂಗಿ ಹೇಳಿದ. ಅಮೋಗಸಿದ್ದ ಹಗ್ಗ ಹಿಡಿದು ನಿಂತೇ ಇದ್ದ. ಕುರಿ ಮಾಯಪ್ಪ ಹೋದ ಕಡೆಗೆ ಕತ್ತು ಚಾಚಿ, ಹಗ್ಗ ಜಗ್ಗುತ್ತ ಒದರುತ್ತಿತ್ತು.